ಕಾರಣ ಹುಡುಕದ ದುರಸ್ತಿ

ಹಳೆಯ ಕಂಪ್ಯೂಟರಿಗೆ ಉಬುಂಟುವನ್ನೋ ಡೆಬಿಯನ್ನನ್ನೋ ಹಾಕಿ, ಸ್ವಂತ ಡೊಮೇನ್ ಹೆಸರಿನಲ್ಲಿ ಫೋಟೊ, ಕಡತ, ಜಾಲತಾಣಗಳನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ಸ್ವಾವಲಂಬನೆಯ ಒಳ್ಳೆಯ ರೂಢಿ. ಆದರೆ ಆ ಸರ್ವರ್ ಕೈಕೊಟ್ಟಾಗ ನಾವು ಅನುಸರಿಸುವ ದುರಸ್ತಿಯ ಪದ್ಧತಿಯನ್ನು ಮೆಚ್ಚುವುದು ಕಷ್ಟ. ರೂಟರ್ ಆರಿಸಿ ಹಾಕುತ್ತೇವೆ, ಫೈರ್‌ವಾಲ್ ತೆಗೆದುಬಿಡುತ್ತೇವೆ, ಎಲ್ಲೋ ಸಿಕ್ಕ ಕಮಾಂಡುಗಳನ್ನು ಒಂದರ ಹಿಂದೊಂದು ಓಡಿಸುತ್ತೇವೆ. ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ತೊಂದರೆ ಮರಳಿದಾಗ ಮತ್ತೆ ಅದೇ ತಡಕಾಟ.

ಎರಡು ಬೇರೆ ಪ್ರಶ್ನೆಗಳನ್ನು ಕಲಸುಮೇಲೋಗರ ಮಾಡುವುದೇ ಈ ಪದ್ಧತಿಯ ಮೂಲದೋಷ. ಸರ್ವರ್ ಹೊರಜಗತ್ತನ್ನು ತಲುಪುತ್ತಿದೆಯೆ? ಹೊರಗಿನವರು ಸರ್ವರನ್ನು ತಲುಪುತ್ತಿದ್ದಾರೆಯೆ?

ಮೊದಲ ಪ್ರಶ್ನೆಗೆ ಉತ್ತರ ಸುಲಭ. 8.8.8.8ರಂಥ ಹೊರಗಿನ ವಿಳಾಸಕ್ಕೆ ಪಿಂಗ್ ಮಾಡಿದಾಗ ಉತ್ತರ ಬಂದು, ತಾಣದ ಹೆಸರು ಕೊಟ್ಟಾಗ ಬಾರದಿದ್ದರೆ ದೋಷ ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್‌ನಲ್ಲಿದೆ. ಎರಡಕ್ಕೂ ಉತ್ತರವಿಲ್ಲದಿದ್ದರೆ ಮೊದಲು ಗೇಟ್‌ವೇ ನೋಡಬೇಕು. ಉಬುಂಟುವಿನಲ್ಲಿ ಹೆಸರು ಹುಡುಕುವ ಕೋರಿಕೆ ಸಾಮಾನ್ಯವಾಗಿ 127.0.0.53ರಲ್ಲಿರುವ ಸಿಸ್ಟಮ್‌ಡಿ-ರಿಸಾಲ್ವ್ಡ್‌ಗೆ ಹೋಗುತ್ತದೆ. ರಿಸಾಲ್ವ್.ಕಾನ್ಫ್ ಕಡತವನ್ನು ಕೈಯಾರೆ ತಿದ್ದಿ ಎಂಬ ಜನಪ್ರಿಯ ಸಲಹೆ ಇಲ್ಲಿ ಹಾದಿ ತಪ್ಪಿಸುತ್ತದೆ. ಆ ಕಡತವನ್ನು ವ್ಯವಸ್ಥೆಯೇ ಮತ್ತೆ ಬರೆಯುವುದರಿಂದ ತಿದ್ದುಪಡಿ ಉಳಿಯುವುದಿಲ್ಲ. ಬದಲಾವಣೆ ಮಾಡಬೇಕಾದ ಜಾಗ ಉಬುಂಟುವಿನ ಜಾಲ ಹೊಂದಿಕೆಯ ಸಾಧನವಾದ ನೆಟ್‌ಪ್ಲಾನ್.

ಎರಡನೆಯ ಪ್ರಶ್ನೆ ಹೆಚ್ಚು ತಾಳ್ಮೆ ಬೇಡುತ್ತದೆ. ಮನೆಯ ಐಪಿ ವಿಳಾಸ ಬದಲಾಗುತ್ತಿರುತ್ತದೆ, ಆದ್ದರಿಂದ ಡೊಮೇನ್ ಇಂದಿನ ವಿಳಾಸವನ್ನೇ ತೋರಿಸುತ್ತಿದೆಯೇ ಎಂದು ಡಿಗ್ ಕಮಾಂಡಿನಿಂದ ನೋಡಬೇಕು. ಬಳಿಕ ರೂಟರಿನಲ್ಲಿ 80 ಮತ್ತು 443ನೇ ಪೋರ್ಟುಗಳು ಸರ್ವರಿನತ್ತ ತಿರುಗಿವೆಯೆ, ಸರ್ವರಿನ ಒಳಗೆ ಅವನ್ನು ಆಲಿಸುವ ತಂತ್ರಾಂಶ ಓಡುತ್ತಿದೆಯೆ ಎಂದು ಕ್ರಮವಾಗಿ ಪರೀಕ್ಷಿಸಬೇಕು. ಪರೀಕ್ಷೆ ನಡೆಯಬೇಕಾದದ್ದು ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ. ಏಕೆಂದರೆ ಮನೆಯೊಳಗಿಂದ ಸ್ವಂತ ಡೊಮೇನಿಗೆ ಹೋದ ಕೋರಿಕೆಯನ್ನು ಮತ್ತೆ ಒಳಕ್ಕೆ ತಿರುಗಿಸುವ ಶಕ್ತಿ ಎಲ್ಲ ರೂಟರುಗಳಿಗೂ ಇಲ್ಲ. ಹೊರಗಿನವರಿಗೆ ತೆರೆಯುವ ತಾಣ ಮನೆಯವರಿಗೆ ಮಾತ್ರ ತೆರೆಯದಿರಬಹುದು.

ಇಷ್ಟಾದರೂ ದಾರಿ ಕಾಣದಿದ್ದರೆ ರೂಟರಿನ ಹೊರಬದಿಯ ವಿಳಾಸ ನೋಡಿ. ಅದು 100.64ರಿಂದ 100.127ರ ಸರಣಿಯಲ್ಲಿದ್ದರೆ ನೀವು ಸೇವಾದಾತರ ವಿಳಾಸ ಹಂಚಿಕೆಯ ಏರ್ಪಾಡಾದ ಸಿಜಿನ್ಯಾಟ್ ಹಿಂದೆ ಇದ್ದೀರಿ. ಐಪಿವಿ4ರಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸ. ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಮುಗಿಯಿತು. ಆದ್ದರಿಂದ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಲು ಈ ಸರಣಿಯನ್ನು 2012ರಲ್ಲಿ ಮೀಸಲಿಟ್ಟರು. ಇಲ್ಲಿ ನಿಮ್ಮ ರೂಟರಿನ ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಸರಿಯಿದ್ದರೂ ಫಲವಿಲ್ಲ. ಅಡ್ಡಿ ಇರುವುದು ಸೇವಾದಾತರ ಜಾಲದಲ್ಲಿ. ಹೊರಬದಿಯ ವಿಳಾಸವನ್ನು ಮೊದಲೇ ನೋಡಿದರೆ ಎಷ್ಟೋ ಶ್ರಮ ಉಳಿಯುತ್ತದೆ.

ಆಗ ಮುಂದಿರುವ ದಾರಿಗಳಲ್ಲಿ ಕ್ಲೌಡ್‌ಫ್ಲೇರ್ ಸಂಸ್ಥೆಯ ಟನಲ್ ಅತಿ ಸುಲಭ. ಆದರೆ ಅದರ ಮೂಲಕ ಬರುವ ವೆಬ್ ಸಂಚಾರದ ಗೂಢಲಿಪಿ ಆ ಸಂಸ್ಥೆಯ ಸರ್ವರಿನಲ್ಲೇ ಬಿಚ್ಚಿಕೊಳ್ಳುತ್ತದೆ. ಖಾಸಗಿತನಕ್ಕಾಗಿಯೇ ಮನೆಯಲ್ಲಿ ಸರ್ವರ್ ಇಟ್ಟವರು ಈ ಬೆಲೆಯನ್ನು ಅರಿತು ತೆರಬೇಕು. ಮನೆಯವರು ಮಾತ್ರ ಬಳಸುವ ಸರ್ವರಿಗೆ ಟೇಲ್‌ಸ್ಕೇಲ್‌ನಂಥ ಖಾಸಗಿ ಜಾಲ ಸಾಕು. ಸೇವಾದಾತರು ಐಪಿವಿ6 ಕೊಡುತ್ತಿದ್ದರೆ ಅದನ್ನು ಬಳಸುವುದು ಮಧ್ಯವರ್ತಿಯಿಲ್ಲದ ದಾರಿ. ಆದರೆ ಐಪಿವಿ4 ಮಾತ್ರ ಇರುವ ಜಾಲದಿಂದ ಬರುವವರಿಗೆ ಆ ಬಾಗಿಲು ಕಾಣುವುದಿಲ್ಲ.

ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಅದನ್ನು ಬರೆದಿಡಿ, ಫಲಿಸದಿದ್ದರೆ ಹಿಂದಕ್ಕೆ ತೆಗೆಯಿರಿ. ಪರೀಕ್ಷೆಗೆಂದು ಆರಿಸಿದ ಫೈರ್‌ವಾಲನ್ನು ಅಂದೇ ಮತ್ತೆ ಹಾಕಿ. ಕಾರಣ ತಿಳಿಯದ ದುರಸ್ತಿ ಮುಗಿದ ದುರಸ್ತಿಯಲ್ಲ.