ಯಾವ ಬೆಳಕಿಗೆ ಯಾವ ಕ್ಯಾಮೆರಾ

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ನಾರಾಯಣಖೇಡ ಸೀಮೆಯ ಮನೂರಿನ ಹೊಲಗಳ ಮೇಲೆ ಬೀಳುವ ಬಿಸಿಲು ಫೋಟೋ ತೆಗೆಯುವವರ ಪಾಲಿನ ಭಾಗ್ಯ. ಮಳೆ ಹಿಂದೆ ಸರಿದಿರುತ್ತದೆ, ಮೋಡವಿಲ್ಲ. ಕರಿ ಎರೆಯಲ್ಲಿ ಬಿಳಿಜೋಳ ಹಸಿರಾಗಿ ಎದ್ದು ನಿಂತಿರುತ್ತದೆ. ಮುಂಜಾನೆಯ ಬಿಸಿಲು ಅಡ್ಡಲಾಗಿ ಬಂದು ಒಂದೊಂದು ಗರಿಯ ಅಂಚನ್ನೂ ಬಿಡಿಸಿ ತೋರಿಸುತ್ತದೆ. ಜಹೀರಾಬಾದಿನ ಕಡೆ ಹೊರಳಿದರೆ ಮಣ್ಣು ಕೆಂಪು. ಬೀದರಿನ ಜಂಬಿಟ್ಟಿಗೆ ನೆಲ ಅಲ್ಲಿಯವರೆಗೂ ಹಬ್ಬಿದೆ. ಅದೇ ಬಿಸಿಲು ಅಲ್ಲಿ ನೆಲಕ್ಕೆ ತಾಗಿ ಮೇಲೆದ್ದು ಮುಖಗಳಿಗೆ ಕೆಂಪನೆಯ ಬಿಸುಪು ಕೊಡುತ್ತದೆ. ತಾಂಡೂರಿನಲ್ಲಿ ಹಾಸುಗಲ್ಲಿನ ಅಂಗಳ, ಹಾಸುಗಲ್ಲಿನ ಗೋಡೆ. ಅಲ್ಲಿನ ನೆರಳಿಗೆ ನೀಲಿ ಛಾಯೆ. ಮೂರು ಊರು, ಮೂರು ಬೆಳಕು.

ಬೀದರ್ ಜಿಲ್ಲೆಯಲ್ಲಿದ್ದ ಜಹೀರಾಬಾದ್, ನಾರಾಯಣಖೇಡಗಳೂ ಗುಲಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರೂ 1956ರ ನವೆಂಬರ್ 1ರಂದು ಆಂಧ್ರಕ್ಕೆ ಸೇರಿದವು, ಈಗ ತೆಲಂಗಾಣದಲ್ಲಿವೆ. ಮನೆಯ ಮಾತು ಕನ್ನಡವಾಗಿಯೇ ಉಳಿದ ಕುಟುಂಬಗಳು ಇಲ್ಲಿ ಇನ್ನೂ ಇವೆ. ಇಂಥ ಊರುಗಳ ಹುಡುಗರು ಕ್ಯಾಮೆರಾ ಕೊಳ್ಳಲು ಹೈದರಾಬಾದಿಗೆ ಬಸ್ಸು ಹತ್ತುವ ಮುಂಚೆ ಕೇಳುವ ಪ್ರಶ್ನೆ ಒಂದೇ: ‘ಅಣ್ಣಾ, ಹಳೀದು ತಗೊಳ್ಳಾ, ಹೊಸಾದು ತಗೊಳ್ಳಾ?’ ಇಸವಿ ನೋಡಿ ಇದಕ್ಕೆ ಉತ್ತರ ಹೇಳಲಾಗದು. ಯಾವ ಬೆಳಕಿನಲ್ಲಿ ನಿಂತು ಚಿತ್ರ ತೆಗೆಯುತ್ತೀಯೋ ಆ ಬೆಳಕೇ ಉತ್ತರ ಹೇಳಬೇಕು.

ಹೋಲಿಕೆಗೆ ಒಂದೇ ಮನೆತನದ ಎರಡು ಬಾಡಿಗಳನ್ನು ಎದುರಿಗಿಟ್ಟುಕೊಳ್ಳೋಣ. ಒಂದು, 2008ರ ನಿಕಾನ್ ಡಿ700. ಇನ್ನೊಂದು, 2014ರ ನಿಕಾನ್ ಡಿ750. ಎರಡೂ ಫುಲ್ ಫ್ರೇಮ್, ಎರಡಕ್ಕೂ ಅವೇ ಲೆನ್ಸುಗಳು ಕೂರುತ್ತವೆ.

ಡಿ700 ಕೈಗೆತ್ತಿಕೊಂಡರೆ ಮೊದಲು ತಿಳಿಯುವುದು ತೂಕ. ಬ್ಯಾಟರಿ ಇಲ್ಲದೆಯೇ 995 ಗ್ರಾಂ, ಮೈಯೆಲ್ಲ ಮೆಗ್ನೀಸಿಯಂ ಮಿಶ್ರಲೋಹ. ಆ ತೂಕ ಕೈಯನ್ನು ದಣಿಸುವುದು ನಿಜ, ಆದರೆ ಅಲುಗದಂತೆ ಹಿಡಿದು ನಿಲ್ಲಿಸುವುದೂ ಅದೇ. ಆಮೇಲೆ ವ್ಯೂಫೈಂಡರಿಗೆ ಕಣ್ಣಿಡಬೇಕು. ಲೆನ್ಸಿನಿಂದ ಬಂದ ಬೆಳಕು ನಲವತ್ತೈದು ಡಿಗ್ರಿಯಲ್ಲಿ ನಿಂತ ಕನ್ನಡಿಗೆ ಬಡಿದು ಮೇಲಕ್ಕೆ ತಿರುಗುತ್ತದೆ, ತೆಳು ಪರದೆಯ ಮೇಲೆ ಚಿತ್ರವಾಗಿ ಕೂರುತ್ತದೆ, ಗಾಜಿನ ಪ್ರಿಸಂ ಅದನ್ನು ನೆಟ್ಟಗೆ ಮಾಡಿ ಕಣ್ಣಿಗೆ ಒಪ್ಪಿಸುತ್ತದೆ. ನಡುವೆ ವಿದ್ಯುತ್ತಿನ ಪರದೆಯಿಲ್ಲ. ಜೋಳದ ತೆನೆಯ ಮೇಲಿನ ಬಿಸಿಲು ಬಿಸಿಲಾಗಿಯೇ ಕಣ್ಣು ಸೇರುತ್ತದೆ. ಬಟನ್ ಒತ್ತಿದ ಕ್ಷಣ ಕನ್ನಡಿ ಮೇಲೇಳುತ್ತದೆ, ಕಣ್ಣೆದುರು ಕತ್ತಲು ಮಿಂಚಿ ಹೋಗುತ್ತದೆ, ಷಟರಿನ ದಿಟ್ಟ ಸದ್ದು ಕೈಗೂ ತಾಗುತ್ತದೆ. ಚಿತ್ರವಾದದ್ದು ನಮಗೆ ಕಾಣದ ಆ ಕ್ಷಣದಲ್ಲಿ. ಹಾಗಾಗಿ ಆ ಕ್ಷಣವನ್ನು ಮುಂಚಿತವಾಗಿ ಊಹಿಸುವ ಅಭ್ಯಾಸ ಬೆಳೆಯುತ್ತದೆ. ಡಿಎಸ್‌ಎಲ್‌ಆರ್ ಹಿಡಿಯುವ ಸುಖದಲ್ಲಿ ಅರ್ಧ ಇದೇ.

ಅದರ ಚಿತ್ರದಲ್ಲಿ ಇರುವುದು 12.1 ಮೆಗಾಪಿಕ್ಸೆಲ್. ಇಂದಿನ ಫೋನುಗಳ ಲೆಕ್ಕದಲ್ಲಿ ಇದು ಅಲ್ಪ ಅನ್ನಿಸಬಹುದು. ಆದರೆ 4256 ಪಿಕ್ಸೆಲ್ ಅಗಲದ ಆ ಚಿತ್ರವನ್ನು ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಿದರೆ ಹದಿನಾಲ್ಕು ಇಂಚು ದಾಟುತ್ತದೆ. ಪಡಸಾಲೆಯ ಗೋಡೆಗೆ ತೂಗುಹಾಕುವ ಅಜ್ಜಿಯ ಭಾವಚಿತ್ರಕ್ಕೆ ಇದು ಧಾರಾಳ ಸಾಕು. 36 ಮಿಲಿಮೀಟರ್ ಅಗಲದ ಸೆನ್ಸರಿನಲ್ಲಿ ಇಷ್ಟೇ ಪಿಕ್ಸೆಲ್ ಇರುವುದರಿಂದ ಒಂದೊಂದೂ ದೊಡ್ಡದು, ಸುಮಾರು 8.45 ಮೈಕ್ರಾನ್. ಎಳ್ಳ ಅಮಾವಾಸ್ಯೆಯ ದಿನ ಜೋಳದ ದಂಟಿನ ಕೊಂಪೆಯ ಮುಂದೆ ಕುಳಿತು ಭಜ್ಜಿ ಬಡಿಸುವ ಹೆಣ್ಣುಮಗಳ ಮುಖವನ್ನು ಇದರಲ್ಲಿ ತೆಗೆದು ನೋಡಿ. ಕೆನ್ನೆಯ ಮೇಲೆ ಬೆಳಕು ನೆರಳಿಗೆ ಇಳಿಯುವ ಕಡೆ ಎಲ್ಲೂ ಗೆರೆ ಹರಿದಂತೆ ಕಾಣದು. ಇಳಕಲ್ ಸೀರೆಯ ಕೆಂಪು ಸೆರಗು ಒಂದೇ ಬಣ್ಣದ ಮುದ್ದೆಯಾಗದು, ಮಡಿಕೆ ಮಡಿಕೆಯಾಗಿ ಉಳಿಯುತ್ತದೆ. ಹದಿನೈದು ವರ್ಷ ದಾಟಿದರೂ ಇಂಥ ಬೆಳಕಿನಲ್ಲಿ ಈ ಕ್ಯಾಮೆರಾ ಯಾವುದಕ್ಕೂ ತಲೆ ತಗ್ಗಿಸಬೇಕಾಗಿಲ್ಲ.

ಒಳ್ಳೆಯ ಬೆಳಕಿನಲ್ಲಿ ತೆಗೆದ ಚಿತ್ರಕ್ಕೆ ವಯಸ್ಸಾಗುವುದಿಲ್ಲ ಎಂಬುದಕ್ಕೆ ನಿಜಾಮರ ಈ ಸೀಮೆಯೇ ಸಾಕ್ಷಿ. ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳ್ ಗಾಜಿನ ಫಲಕಗಳ ಮೇಲೆ ಕೆಲಸ ಮಾಡಿದರು. ಅವುಗಳಲ್ಲಿ 2,857 ನೆಗೆಟಿವ್‌ಗಳು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ. ಬೆಳಕಿಗೆ ನಿಧಾನವಾಗಿ ಸ್ಪಂದಿಸುವ ಆ ಫಲಕಕ್ಕೆ ತಕ್ಕ ಬಿಸಿಲು ಯಾವಾಗ, ಎಲ್ಲಿ ಸಿಗುತ್ತದೆ ಎಂದು ಅವರು ಅರಿತಿದ್ದರು. ಅವರು ತೆಗೆದ ಕಟ್ಟಡಗಳ ಚಿತ್ರಗಳಲ್ಲಿ ಕಲ್ಲಿನ ಕೆತ್ತನೆ ಇಂದಿಗೂ ಕಣ್ಣಿಗೆ ಕಟ್ಟುವುದು ಅದರಿಂದ.

ಈಗ ಸೂರ್ಯ ಮುಳುಗಲಿ. ಜಹೀರಾಬಾದಿನ ಬಳಿಯ ಝರಾಸಂಗಮದ ಕೇತಕಿ ಸಂಗಮೇಶ್ವರನ ಗುಡಿಯಲ್ಲಿ ಶಿವರಾತ್ರಿಯ ರಾತ್ರಿ ಅಂದುಕೊಳ್ಳಿ. ದೀಪದ ಬೆಳಕು, ಜನಜಂಗುಳಿ, ಹಣೆಯ ವಿಭೂತಿಯಷ್ಟೇ ಕಾಣುವ ಮುಖಗಳು. ಇಲ್ಲಿ ಡಿ750 ತನ್ನ ಆರು ವರ್ಷಗಳ ಹೆಚ್ಚಿನ ವಿದ್ಯೆಯನ್ನು ತೋರಿಸುತ್ತದೆ. ಡಿ700 ಫೋಕಸ್ ಹುಡುಕುತ್ತ ತಡವರಿಸುವ ಬೆಳಕಿಗಿಂತ ಎರಡು ಸ್ಟಾಪ್ ಕಡಿಮೆಯಲ್ಲೂ ಇದು ಕಣ್ಣಿನ ಮೇಲೆ ಫೋಕಸ್ ನಿಲ್ಲಿಸಬಲ್ಲದು. ಐಎಸ್‌ಒ 6400ಕ್ಕೆ ಏರಿಸಿದಾಗ ಹಳೆಯದರಲ್ಲಿ ಕಪ್ಪು ಭಾಗಗಳಲ್ಲಿ ಬಣ್ಣದ ಹರಳು ಮೂಡುತ್ತದೆ. ಹೊಸದರಲ್ಲಿ ಆ ಕಪ್ಪು ಹೆಚ್ಚು ಶುದ್ಧ.

ಹೊಸದರ ಇನ್ನೊಂದು ದೊಡ್ಡ ಗುಣ ಕಾಣಿಸುವುದು ನಡುಹಗಲಲ್ಲಿ. ಬಿಳಿ ರುಮಾಲು ಸುತ್ತಿದ ಕಾಕಾ ನೆತ್ತಿಯ ಬಿಸಿಲಿನಲ್ಲಿ ನಿಂತಿದ್ದಾರೆ. ರುಮಾಲು ಉರಿಯುತ್ತದೆ, ಹುಬ್ಬಿನ ಕೆಳಗೆ ಕಣ್ಣು ಕತ್ತಲಲ್ಲಿ ಮುಳುಗಿದೆ. ರುಮಾಲಿನ ಮಡಿಕೆ ಉಳಿಸಲು ಬೆಳಕನ್ನು ತಗ್ಗಿಸಿ ತೆಗೆದು, ಆಮೇಲೆ ರಾ ಫೈಲಿನಲ್ಲಿ ನೆರಳನ್ನು ಎತ್ತಿದರೆ, ಡಿ700 ಒಂದು ಮಿತಿಯಲ್ಲಿ ನಿಂತುಬಿಡುತ್ತದೆ. ಡಿ750 ಕಡಿಮೆ ಐಎಸ್‌ಒದಲ್ಲಿ ಸುಮಾರು ಎರಡು ಸ್ಟಾಪ್ ಹೆಚ್ಚು ವ್ಯಾಪ್ತಿ ಹಿಡಿಯುವುದರಿಂದ ಆ ಕಣ್ಣುಗಳು ಕತ್ತಲಿಂದ ಹೊರಬರುತ್ತವೆ, ಅವುಗಳ ಸುತ್ತಲಿನ ಸುಕ್ಕಿನ ಸಮೇತ. ಮುಖದ ಕಥೆ ಇರುವುದು ಕಣ್ಣಿನಲ್ಲಾದ್ದರಿಂದ ಇದನ್ನು ಬರೀ ಯಂತ್ರದ ಲಾಭ ಎನ್ನಲಾರೆ.

ಮದುವೆ ತೆಗೆದು ಬದುಕುವವರಿಗೆ ಆಯ್ಕೆ ಸುಲಭ. ಡಿ700ರಲ್ಲಿ ವಿಡಿಯೊ ಇಲ್ಲ, ಮೆರವಣಿಗೆ ರಾತ್ರಿಯದು, ಹನ್ನೆರಡಕ್ಕೆ ಮೂವತ್ತಾರು ಇಂಚಿನ ಆಲ್ಬಮ್ ಹಾಳೆಯ ತುಂಬ ಹರಡುವ ಚಿತ್ರಕ್ಕೆ 24.3 ಮೆಗಾಪಿಕ್ಸೆಲ್ ಒದಗುತ್ತದೆ. ಹೊಸದಕ್ಕೇ ಹೋಗಬೇಕು. ಸಿಂಗೂರು ಅಣೆಕಟ್ಟಿನ ಹಿನ್ನೀರಿಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ಹಿಂದೆ ಹೋಗುವವರೂ ಹಾಗೆಯೇ. ಹಕ್ಕಿ ಹತ್ತಿರ ಬಿಟ್ಟುಕೊಳ್ಳದು, ಚಿತ್ರವನ್ನು ಕತ್ತರಿಸಲೇಬೇಕು. 2016ರ ಡಿ500, 2017ರ 45.7 ಮೆಗಾಪಿಕ್ಸೆಲ್‌ನ ಡಿ850 ಈ ಕೆಲಸಕ್ಕೆಂದೇ ಹುಟ್ಟಿದಂತಿವೆ.

ಜನ ಎಡವುವುದು ಇನ್ನೊಂದು ಕಡೆ. ಹಳೆಯ ಮೇಲ್ದರ್ಜೆಯ ಬಾಡಿ ಬಿಟ್ಟು, ಡಬ್ಬಿ ಬಿಚ್ಚದ, ಕೆಳದರ್ಜೆಯ ಹೊಸ ಮಾದರಿಗೆ ಮನಸೋಲುತ್ತಾರೆ. 2016ರ ಡಿ5600 ಎತ್ತಿ ನೋಡಿ. ಹಗುರ, ಚುರುಕು, ಚಿತ್ರವೂ ಚೆನ್ನ. ಆದರೆ ವ್ಯೂಫೈಂಡರಿನಲ್ಲಿ ಪ್ರಿಸಂ ಬದಲಿಗೆ ಕನ್ನಡಿಗಳಿವೆ, ನೋಟ ಕಿರಿದಾಗಿ ಮಂಕಾಗುತ್ತದೆ. ಬಾಡಿಯೊಳಗೆ ಫೋಕಸ್ ಮೋಟಾರ್ ಇಲ್ಲದ್ದರಿಂದ ಅಗ್ಗಕ್ಕೆ ಸಿಗುವ ಹಳೆಯ 50 ಎಂಎಂ ಎಫ್ 1.8 ಡಿ ಲೆನ್ಸ್ ಹಾಕಿದರೆ ಕೈಯಲ್ಲೇ ಫೋಕಸ್ ಮಾಡಬೇಕು. ಡಿ700 ಅದೇ ಲೆನ್ಸನ್ನು ತಾನೇ ತಿರುಗಿಸಿಕೊಳ್ಳುತ್ತದೆ. ಹಳೆಯದಾದರೂ ಮೇಲ್ದರ್ಜೆಯದು ಹೊಸ ಕೆಳದರ್ಜೆಯದಕ್ಕಿಂತ ಬಹುಕಾಲ ಸುಖ ಕೊಡುತ್ತದೆ. ಕ್ಯಾನನ್ ಬಳಗದಲ್ಲೂ 2008ರ 5ಡಿ ಮಾರ್ಕ್ 2 ಇದೇ ಮಾತನ್ನು ಹೇಳುತ್ತದೆ.

ಹೈದರಾಬಾದಿನ ಕೋಠಿಯ ಅಂಗಡಿಗಳಲ್ಲಿ ಸೆಕೆಂಡ್ ಹ್ಯಾಂಡ್ ನೋಡುವಾಗ ಅವಸರ ಬೇಡ. ಒಂದು ಜೆಪೆಗ್ ತೆಗೆದು ಅದರ ಒಳಮಾಹಿತಿಯಲ್ಲಿ ಷಟರ್ ಎಷ್ಟು ಸಲ ಓಡಿದೆ ಎಂದು ಓದಿಸಿ. ಡಿ700ರ ಷಟರನ್ನು 1,50,000 ಸಲಕ್ಕೆ ಪರೀಕ್ಷಿಸಿದ್ದಾರೆ. ಎಫ್ 16ರಲ್ಲಿ ಬರಿಯ ಆಕಾಶ ತೆಗೆದರೆ ಸೆನ್ಸರಿನ ಧೂಳು ಚುಕ್ಕೆಯಾಗಿ ಕಾಣುತ್ತದೆ. ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಬೂಸ್ಟಿನ ಎಳೆಗಳಿವೆಯೇ ನೋಡಿ. ಹಿಡಿಯ ರಬ್ಬರ್ ಸಡಿಲಾಗಿದ್ದರೆ ಚಿಂತೆಯಿಲ್ಲ, ಅಂಟಿಸಬಹುದು. ನಿಕಾನ್ 2020ರಲ್ಲಿ ಡಿ6, ಡಿ780 ತಂದ ಮೇಲೆ ಹೊಸ ಡಿಎಸ್‌ಎಲ್‌ಆರ್ ಬಿಟ್ಟಿಲ್ಲ. ಕಾರ್ಖಾನೆಗಳ ಮನಸ್ಸು ಕನ್ನಡಿಯಿಲ್ಲದ ಕ್ಯಾಮೆರಾಗಳ ಕಡೆ ಹೊರಳಿದೆ. ಹಾಗಾಗಿ ಇಂದು ಹೊಸದೆನ್ನುವುದೂ ನಾಳೆಗೆ ಹಳೆಯದೇ. ಇನ್ನು ಕೊಳ್ಳುವುದೆಲ್ಲ ಗುಣ ನೋಡಿ ಕೊಳ್ಳುವುದು.

ಜಹೀರಾಬಾದಿನ ಬಳಿಯ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ಹೆಣ್ಣುಮಕ್ಕಳು, ಹೊಲ ಮಾಡುವ ದಲಿತ ಮಹಿಳೆಯರು, ವಿಡಿಯೊ ಕ್ಯಾಮೆರಾ ಕಲಿತು ತಮ್ಮ ಬೀಜ, ಬೆಳೆಗಳ ಚಿತ್ರಗಳನ್ನು ತಾವೇ ಮಾಡಿದರು. ಮೇಲಿನಿಂದ ಕೆಳಗೆ ನೋಡುವ ನೋಟವನ್ನು ಅವರು ಪಟೇಲ್ ಶಾಟ್ ಎಂದರು. ಎದುರಿಗೆ ಕುಳಿತು ಕಣ್ಣಿಗೆ ಕಣ್ಣು ಸರಿಯಾಗಿ ನೋಡುವುದನ್ನು ಸಂಘಂ ಶಾಟ್ ಎಂದರು. ಕ್ಯಾಮೆರಾ ಯಾವ ಎತ್ತರದಲ್ಲಿರಬೇಕು ಎಂಬ ಅವರ ಈ ತಿಳಿವು ಯಾವ ಮಾದರಿಯ ಜೊತೆಗೂ ಡಬ್ಬಿಯಲ್ಲಿ ಬರುವುದಿಲ್ಲ. ಅದು ಕೈಗೂಡಿದವರ ಕೈಯಲ್ಲಿ ಹಳೆಯ ಬಾಡಿಯೂ ದೊಡ್ಡ ಕೆಲಸ ಮಾಡುತ್ತದೆ.

ಆದ್ದರಿಂದ ಕೇಳಿದ ತಮ್ಮಂದಿರಿಗೆ ನನ್ನ ಮಾತು ಇಷ್ಟು. ನಿನ್ನ ಚಿತ್ರಗಳು ಹಗಲಿನವು, ಹೊಲದವು, ಮುಖಗಳವು ಆಗಿದ್ದರೆ ಹಳೆಯ ಮೇಲ್ದರ್ಜೆಯ ಬಾಡಿ ಧೈರ್ಯವಾಗಿ ತಗೋ, ಉಳಿದ ಹಣವನ್ನು ಒಳ್ಳೆಯ ಲೆನ್ಸಿಗೆ ಹಾಕು. ರಾತ್ರಿಯ ಮದುವೆ, ದೂರದ ಹಕ್ಕಿ, ನೆತ್ತಿಯ ಬಿಸಿಲು ನಿನ್ನ ಪಾಲಿಗೆ ಬಂದಿದ್ದರೆ ಸಾಲದ ಭಾರ ಲೆಕ್ಕ ಹಾಕಿ ಹೊಸದಕ್ಕೆ ಹೋಗು. ಯಾವುದನ್ನೇ ಕೊಂಡರೂ ಅದರ ಮಿತಿ ಕೈಗೆ ಪರಿಚಯವಾಗುವಷ್ಟು ಕಾಲ ಬದಲಿಸಬೇಡ. ಮಿತಿ ಅರಿತ ಮೇಲೆಯೇ ಕ್ಯಾಮೆರಾ ನಿನ್ನದಾಗುವುದು.