ಘಟಕವೂ ಘಟನೆಯೂ

ಜಾಲಪುಟವನ್ನು ಬಿಡಿ ಘಟಕಗಳಾಗಿ ವಿಂಗಡಿಸಿ ಬರೆಯುವುದು ಇಂದು ರೂಢಿಯಾಗಿರುವ ಪದ್ಧತಿ. ಆ ಘಟಕಗಳು ಪರಸ್ಪರ ಸುದ್ದಿ ಮುಟ್ಟಿಸಲು ಬಳಸುವ ‘ಕಸ್ಟಮ್ ಇವೆಂಟ್’ ಅನ್ನು, ಎಂದರೆ ಪ್ರೋಗ್ರಾಮು ಬರೆಯುವವರೇ ಹೆಸರಿಟ್ಟು ಹೊರಡಿಸುವ ಘಟನೆಯನ್ನು, ಇಲ್ಲಿ ವಿಮರ್ಶಿಸಲು ಉದ್ದೇಶಿಸಿದ್ದೇವೆ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಕೆಂಗೇರಿಯಿಂದ ರಾಜಾಜಿನಗರಕ್ಕೆ ಮೆಟ್ರೋದಲ್ಲಿ ಹೋಗುವವರು ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗದಿಂದ ಹಸಿರು ಮಾರ್ಗಕ್ಕೆ ಬದಲಾಯಿಸಬೇಕು. ಇದನ್ನು ತಿಳಿಸುವ ಪುಟದಲ್ಲಿ ನಿಲ್ದಾಣವನ್ನು ಆರಿಸುವ ಘಟಕ ಒಂದು, ಮಾರ್ಗವನ್ನು ತೋರಿಸುವ ಘಟಕ ಇನ್ನೊಂದು. ಮೊದಲನೆಯದು ‘ನಿಲ್ದಾಣವನ್ನು ಆರಿಸಲಾಯಿತು’ ಎಂದು ಸಾರಿದರೆ ಸಾಕೆ, ‘ಮಾರ್ಗವನ್ನು ಬದಲಿಸು’ ಎಂದು ಆಜ್ಞಾಪಿಸಬೇಕೆ? ಸಾರುವುದೇ ಯುಕ್ತವೆಂದು ನಮ್ಮ ಮತ. ನಡೆದುದನ್ನಷ್ಟೇ ಹೇಳುವ ಘಟಕ ಬೇರೊಂದು ಪುಟದಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಆಜ್ಞಾಪಿಸುವ ಘಟಕ ತನ್ನ ನೆರೆಯ ಘಟಕಕ್ಕೆ ಕಟ್ಟುಬೀಳುತ್ತದೆ.

ಆದರೆ ಆ ಸುದ್ದಿ ಎಷ್ಟು ದೂರ ಹೋಗಬೇಕು? ‘ವ್ಯೂ’ ಎಂಬ ಚೌಕಟ್ಟಿನ ಚರಿತ್ರೆ ಇಲ್ಲಿ ಬೋಧಪ್ರದವಾಗಿದೆ. ಘಟಕಗಳ ಇಡೀ ವಂಶವೃಕ್ಷದಲ್ಲಿ ಘಟನೆಯನ್ನು ಹರಿಯಬಿಡುತ್ತಿದ್ದ ‘ಡಿಸ್ಪ್ಯಾಚ್’, ‘ಬ್ರಾಡ್‌ಕ್ಯಾಸ್ಟ್’ ವಿಧಾನಗಳನ್ನು 2016ರ ಎರಡನೆಯ ಆವೃತ್ತಿ ಕೈಬಿಟ್ಟಿತು. ಎಲ್ಲ ಘಟಕಗಳೂ ಒಂದೆಡೆ ಕೂಗಿ ಅಲ್ಲಿಯೇ ಆಲಿಸುವ ‘ಇವೆಂಟ್ ಬಸ್’ ಅವುಗಳ ಸ್ಥಾನವನ್ನು ಹಿಡಿಯಿತು. 2020ರ ಮೂರನೆಯ ಆವೃತ್ತಿ ಇದಕ್ಕೆ ಆಧಾರವಾಗಿದ್ದ ‘ಆನ್’, ‘ಆಫ್’ ವಿಧಾನಗಳನ್ನೂ ತೆಗೆದುಹಾಕಿ, ಮಗು ಘಟಕ ತನ್ನ ತಾಯಿ ಘಟಕಕ್ಕೆ ಸುದ್ದಿ ಮುಟ್ಟಿಸುವ ‘ಎಮಿಟ್’ ಅನ್ನು ಮಾತ್ರ ಉಳಿಸಿತು. ಬ್ರೌಸರಿನ ನಿಯಮದಲ್ಲಿಯೂ ಇದೇ ಸಂಯಮವಿದೆ: ನಾವಾಗಿ ಕೋರಿದ ಹೊರತು ಕಸ್ಟಮ್ ಇವೆಂಟ್ ಹುಟ್ಟಿದೆಡೆಯಿಂದ ಮೇಲಕ್ಕೆ ಏರುವುದಿಲ್ಲ.

ಈ ಸಂಯಮಕ್ಕೆ ಕಾರಣವಿಲ್ಲದಿಲ್ಲ. ಘಟನೆಯ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಬ್ರೌಸರು ದೋಷವನ್ನು ಸೂಚಿಸುವುದಿಲ್ಲ. ಕೇಳುವವರಿಲ್ಲದ ಕೂಗು ಸದ್ದಿಲ್ಲದೆ ಅಡಗುತ್ತದೆ. ಕೂಗಿದವರೂ ಕೇಳಬೇಕಾದವರೂ ದೂರದೂರವಿದ್ದಷ್ಟೂ ಆ ತಪ್ಪನ್ನು ಹುಡುಕುವುದು ಕಷ್ಟ.

ಐದು ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿಸಿ ಸುದ್ದಿಯನ್ನು ಒಯ್ಯುವುದು ಬೇಸರದ ಕೆಲಸವೆಂಬ ಆಕ್ಷೇಪಣೆ ನಿಜವೇ. ಆದರೆ ಅಂಥಲ್ಲಿ ಬೇಕಾದುದು ಹೆಚ್ಚಿನ ಕೂಗಲ್ಲ. ಎಲ್ಲರಿಗೂ ಬೇಕಾದ ಮಾಹಿತಿಯನ್ನು ಎಲ್ಲರೂ ನೋಡಬಲ್ಲ ಒಂದೇ ಸ್ಥಳದಲ್ಲಿ ಇರಿಸುವುದು.

ತರಗತಿಯಲ್ಲಿ ನಾವು ಘಟನೆಯನ್ನು ಹೊರಡಿಸುವ ಬಗೆಯನ್ನು ಒಂದು ಗಂಟೆಯಲ್ಲಿ ಕಲಿಸಿಬಿಡುತ್ತೇವೆ. ಅದಕ್ಕೆ ಯಾವ ಹೆಸರು, ಅದರೊಡನೆ ಯಾವ ಮಾಹಿತಿ, ಅದನ್ನು ಕೇಳುವವರು ಯಾರು ಎಂಬುದನ್ನು ಬರೆದಿಡುವ ಅಭ್ಯಾಸವನ್ನು ಮಾತ್ರ ಕಲಿಸುವುದಿಲ್ಲ. ನಮ್ಮ ವಿದ್ಯಾರ್ಥಿಗಳು ಮುಂದೆ ಹೆಚ್ಚಾಗಿ ಓದಬೇಕಾಗುವುದು ಪರರು ಬರೆದ ಪ್ರೋಗ್ರಾಮುಗಳನ್ನೇ. ಆ ಓದುಗರ ಮೇಲಣ ಗೌರವವೂ ಪಾಠದ ಭಾಗವಾಗಬೇಕೆಂಬುದೇ ನಮ್ಮ ಸೂಚನೆ.