ಮೊದಲು ಕೀಲು ನೋಡಿ, ಸ್ಟಿಕ್ಕರ್ ಆಮೇಲೆ

ಇಂಜಿನಿಯರಿಂಗ್ ಸೀಟು ಖಾತ್ರಿಯಾಗುತ್ತಿದ್ದಂತೆ ಮಲ್ಕಾಜ್‌ಗಿರಿಯ ಮನೆಗಳಲ್ಲಿ ಲ್ಯಾಪ್‌ಟಾಪಿನ ಪಂಚಾಯಿತಿ ಶುರುವಾಗುತ್ತದೆ. ಫೀಸು ಎಷ್ಟೆಂದು ಕಾಲೇಜಿನವರು ಹೇಳಿ ಮುಗಿಸಿರುತ್ತಾರೆ, ಅದರಲ್ಲಿ ಮಾತಿಗೆ ಜಾಗವಿಲ್ಲ. ಲ್ಯಾಪ್‌ಟಾಪಿನ ವಿಷಯಕ್ಕೆ ಬಂದರೆ ಎದುರು ಮನೆಯ ಹುಡುಗ, ಆಫೀಸಿನ ಗೆಳೆಯ, ಬೀದರಿನಲ್ಲಿರುವ ಚಿಕ್ಕಪ್ಪ ಎಲ್ಲರೂ ತಜ್ಞರೇ. ಕಳೆದ ಆಗಸ್ಟಿನಲ್ಲಿ ಆನಂದಬಾಗಿನ ನಮ್ಮಕ್ಕನ ಮನೆಯಲ್ಲೂ ಇದೇ ನಡೆಯಿತು. "ಮಾಮಾ, ನಮ್ ಗ್ರೂಪಿನಾಗ ಎಲ್ಲಾರೂ ಗೇಮಿಂಗ್ ಲ್ಯಾಪ್‌ಟಾಪೇ ತಗೊಂಡಾರ" ಎಂದಳು ಕಂಪ್ಯೂಟರ್ ಸೈನ್ಸ್ ಸೇರಿದ ಸೊಸೆ, ಅಕ್ಕನ ಮಗಳು. ನಲವತ್ತು ಸಾವಿರದ ಮೇಲೆ ಒಂದು ಪೈಸೆ ಬಿಚ್ಚುವುದಿಲ್ಲ ಎಂದು ಭಾವ ಪೇಪರು ಮಡಿಚಿಟ್ಟರು. ಅಕ್ಕ ನನ್ನ ಕಡೆ ನೋಡಿ, "ತಮ್ಮಾ, ನೀನೇ ಕೊಡಸಪ್ಪ, ನಮಗೇನ್ ತಿಳಿತದ" ಅಂದಳು.

ಮೆಟ್ಟುಗುಡ ದಾಟಿ ಸಿಕಂದರಾಬಾದಿನ ಪಾರ್ಕ್‌ಲೇನ್‌ಗೆ ಹೋದೆವು. ಅಲ್ಲಿನ ಚೆನಾಯ್ ಟ್ರೇಡ್ ಸೆಂಟರ್, ಎಲ್ಲರ ಬಾಯಲ್ಲಿ ಸಿಟಿಸಿ, ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದ್ದ ಹಾಗೆ. ಅಂಗಡಿಯ ಹುಡುಗ ಎರಡು ಯಂತ್ರಗಳನ್ನು ಅಕ್ಕಪಕ್ಕ ಇಟ್ಟ. ಒಂದು 38 ಸಾವಿರದ್ದು, ಇನ್ನೊಂದು 98 ಸಾವಿರದ್ದು. ಮೊದಲನೆಯದರ ಬಗ್ಗೆ ಅವನು ಒಂದೇ ವಾಕ್ಯ ಹೇಳಿದ. ಎರಡನೆಯದರ ಬಗ್ಗೆ ಹತ್ತು ನಿಮಿಷ ಹೇಳಿದ, ಪ್ರತಿ ಎರಡು ನಿಮಿಷಕ್ಕೊಮ್ಮೆ "ಫ್ಯೂಚರ್ ಪ್ರೂಫ್" ಎಂದ. ಸೊಸೆಯ ಕಣ್ಣು ಬಣ್ಣಬಣ್ಣವಾಗಿ ಮಿನುಗುವ ಕೀಬೋರ್ಡಿನ ಮೇಲಿತ್ತು, ಭಾವನ ಕಣ್ಣು ಬೆಲೆಚೀಟಿಯ ಮೇಲೆ.

ಅಗ್ಗದ್ದು ನಿಧಾನ, ದುಬಾರಿಯದು ಚುರುಕು ಎಂದುಕೊಂಡು ಅಂಗಡಿಗೆ ಹೋಗುವವರು ಅರ್ಧ ಮೋಸ ಹೋದಂತೆಯೇ. ಎರಡೂ ಜಾತಿಯ ಯಂತ್ರಗಳು ತಮ್ಮ ಕೊರತೆಯನ್ನು ಕೊಳ್ಳುವವರ ಕಣ್ಣು ಬೀಳದ ಕಡೆಯೇ ಬಚ್ಚಿಟ್ಟಿರುತ್ತವೆ. ಸ್ಟಿಕ್ಕರಿನಲ್ಲಿ ಬರೆದದ್ದನ್ನು ಬರೆಯದೇ ಬಿಟ್ಟದ್ದರ ಜೊತೆ ಇಟ್ಟು ಓದಬೇಕು.

ಅಗ್ಗದ ಯಂತ್ರದ ಸ್ಟಿಕ್ಕರಿನಲ್ಲಿ ರೈಜನ್ 5 7520ಯು, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಎಂದಿತ್ತು. ಕೇಳಲು ಚೆನ್ನಾಗಿದೆ. ಏಳು ಸಾವಿರದ ಸರಣಿ ಎಂದರೆ ಐದು ಸಾವಿರದ್ದಕ್ಕಿಂತ ಹೊಸದು, ಹೊಸದೆಂದರೆ ಚುರುಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಎಎಮ್‌ಡಿಯ ಈ ಸಂಖ್ಯೆಗಳಲ್ಲಿ ತಿರುಳಿರುವುದು ಮೂರನೇ ಅಂಕಿಯಲ್ಲಿ. 7520ಯುನಲ್ಲಿ ಅದು 2, ಅಂದರೆ ಒಳಗಿರುವುದು 2019ರಲ್ಲಿ ಬಂದ ಝೆನ್ 2 ವಿನ್ಯಾಸ, ಅದೂ ನಾಲ್ಕೇ ಕೋರ್. ಅದಕ್ಕಿಂತ ಮೊದಲು ಬಂದ 5500ಯುನಲ್ಲಿ ಆರು ಕೋರ್ ಇದ್ದವು. 7530ಯು ಎಂದಿದ್ದರೆ ಝೆನ್ 3, ಆರು ಕೋರ್. ಒಂದೇ ಅಂಕಿಯ ವ್ಯತ್ಯಾಸ, ಯಂತ್ರ ಬೇರೆಯೇ. ಇದನ್ನು ಸುಳ್ಳು ಎನ್ನಲಾಗದು, ಆದರೆ ಕೊಳ್ಳುವವನಿಗೆ ತಿಳಿಯಲಿ ಎಂದು ಇಟ್ಟ ಹೆಸರಂತೂ ಇದಲ್ಲ. ಇನ್ನೊಂದು ವಿಷಯ: ಈ ಚಿಪ್ಪಿನ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಇಂದು 8 ಜಿಬಿ ಕೊಂಡರೆ ಸಾಯುವತನಕ 8 ಜಿಬಿಯೇ. ಅದರಲ್ಲೂ ಸ್ವಲ್ಪ ಪಾಲು ಗ್ರಾಫಿಕ್ಸಿಗೆ ಹೋಗುತ್ತದೆ. ವಿಂಡೋಸ್ ಸುಮ್ಮನೆ ಕೂತಾಗಲೇ ಉಳಿದದ್ದರ ಅರ್ಧ ತಿಂದಿರುತ್ತದೆ. ಮೊದಲ ವರ್ಷದ ಸಿ ಪ್ರೋಗ್ರಾಂಗೆ ಇಷ್ಟು ಧಾರಾಳ. ಮೂರನೇ ವರ್ಷದಲ್ಲಿ ಆಂಡ್ರಾಯ್ಡ್ ಸ್ಟುಡಿಯೋ ತೆರೆದು ಎಮ್ಯುಲೇಟರ್ ಓಡಿಸಿ, ಪಕ್ಕದಲ್ಲಿ ಬ್ರೌಸರಿನ ಹದಿನೈದು ಟ್ಯಾಬ್ ಇಟ್ಟುಕೊಂಡಾಗ ಯಂತ್ರ ಉಸಿರು ಕಟ್ಟುತ್ತದೆ.

ಪರದೆಯ ಕತೆ ಇನ್ನೂ ಬೇಸರದ್ದು. ಬೆಲೆ ಇಳಿಸಬೇಕಾದಾಗ ಕಂಪನಿಗಳು ಮೊದಲು ಕತ್ತರಿ ಹಾಕುವುದು ಇಲ್ಲಿಗೆ. 250 ನಿಟ್ಸ್ ಬೆಳಕು, ಶೇ. 45 ಎನ್‌ಟಿಎಸ್‌ಸಿ ಬಣ್ಣ. ಮಾಮೂಲು ಪರದೆ ತೋರಿಸಬೇಕಾದ ಬಣ್ಣಗಳಲ್ಲಿ ಮೂರನೇ ಎರಡು ಪಾಲೂ ಇದರಲ್ಲಿ ಕಾಣುವುದಿಲ್ಲ. ಅಂಗಡಿಯ ಟ್ಯೂಬ್‌ಲೈಟಿನಡಿ ಗೊತ್ತಾಗದು. ಹುಡುಗನನ್ನು ಕೇಳಿ ಯಂತ್ರವನ್ನು ಬಾಗಿಲ ಬಳಿ ಒಯ್ದೆ. ಹಗಲ ಬೆಳಕಿನಲ್ಲಿ ಪರದೆಯಲ್ಲಿ ಕಂಡದ್ದು ನನ್ನದೇ ಮುಖ. ನೋಟ್‌ಪ್ಯಾಡ್ ತೆರೆದು ಕನ್ನಡದಲ್ಲಿ ಒಂದು ಸಾಲು ಟೈಪಿಸಿದೆ. ಒತ್ತಕ್ಷರಗಳು ಮಸುಕು ಮಸುಕಾಗಿ ಒಂದಕ್ಕೊಂದು ಅಂಟಿಕೊಂಡವು. ದಿನಕ್ಕೆ ಆರು ಗಂಟೆಯಂತೆ ನಾಲ್ಕು ವರ್ಷ ಈ ಪರದೆಯನ್ನು ದಿಟ್ಟಿಸಬೇಕಾದವಳು ಹದಿನೆಂಟರ ಹುಡುಗಿ.

ನಮ್ಮ ಮೇಲಿನ ಮನೆಯಲ್ಲಿ ಇಸಿಐಎಲ್‌ನಿಂದ ನಿವೃತ್ತರಾದ ಮೈಸೂರು ಕಡೆಯ ಹಿರಿಯರೊಬ್ಬರಿದ್ದಾರೆ. 1967ರಲ್ಲಿ ಹುಟ್ಟಿದ ಆ ಸಂಸ್ಥೆ 1969ರಲ್ಲೇ ಟಿಡಿಸಿ-12 ಎಂಬ 12 ಬಿಟ್‌ನ ಕಂಪ್ಯೂಟರನ್ನು ಹೊರತಂದಿತ್ತು. ಆ ಸಂಸ್ಥೆಯನ್ನು ಕಟ್ಟಿದ ಎ.ಎಸ್. ರಾವ್ ಅವರ ಹೆಸರಿನ ಬಡಾವಣೆ ನಮ್ಮಿಂದ ಕೆಲವೇ ಕಿಲೋಮೀಟರು. ಹೊರಡುವ ಮುನ್ನ ಆ ಹಿರಿಯರು ಮೆಟ್ಟಿಲ ಮೇಲೆ ನಿಂತು ಹೇಳಿದ್ದು ಇಷ್ಟೇ: "ಮೆಷಿನ್ನು ಮೊದಲು ಸಾಯೋದು ಚಿಪ್ಪಿಂದಲ್ಲಪ್ಪಾ, ಕೀಲಿಂದ. ಮುಚ್ಚಳ ಒಂದು ಮೂಲೆ ಹಿಡಿದು ಎತ್ತಿ ನೋಡು." ಈ ಮಾತಿಗೆ ನಾನೇ ಸಾಕ್ಷಿ. ನನ್ನ ಹಿಂದಿನ ಲ್ಯಾಪ್‌ಟಾಪು ಅಗ್ಗದ್ದೇ. ಎರಡೂವರೆ ವರ್ಷಕ್ಕೆ ಎಡಗಡೆಯ ಹಿಂಜ್ ಪ್ಲಾಸ್ಟಿಕ್ಕನ್ನು ಕಿತ್ತುಕೊಂಡು ಹೊರಬಂತು. ಒಳಗಿನ ಚಿಪ್ಪು ಗಟ್ಟಿಮುಟ್ಟಾಗಿತ್ತು, ಮುಚ್ಚಳ ಮಾತ್ರ ನಿಲ್ಲುತ್ತಿರಲಿಲ್ಲ. ಸರ್ವಿಸಿನವರು ಹೇಳಿದ ಬೆಲೆಗೆ ಅರ್ಧ ಲ್ಯಾಪ್‌ಟಾಪು ಬರುತ್ತಿತ್ತು. ಕೊನೆಯ ಒಂದು ವರ್ಷ ಅದು ಗೋಡೆಗೆ ಒರಗಿಕೊಂಡೇ ಕೆಲಸ ಮಾಡಿತು.

ಅಗ್ಗದ ಯಂತ್ರದ ಬಗ್ಗೆ ಹೈದರಾಬಾದಿಗೆ ಹಳೆಯ ನೆನಪೊಂದಿದೆ. 2011ರ ಅಕ್ಟೋಬರ್ 5ರಂದು ದಿಲ್ಲಿಯಲ್ಲಿ ಬಿಡುಗಡೆಯಾದ ಆಕಾಶ್ ಟ್ಯಾಬ್ಲೆಟ್ಟಿನ ಜೋಡಣೆ ನಡೆದದ್ದು ಇದೇ ಊರಿನಲ್ಲಿ. ವಿದ್ಯಾರ್ಥಿಗಳಿಗೆಂದೇ ಮಾಡಿದ್ದು, ಜಗತ್ತಿನಲ್ಲೇ ಅಗ್ಗದ್ದೆಂಬ ಹೊಗಳಿಕೆ ಬೇರೆ. 256 ಎಂಬಿ ರ‍್ಯಾಮ್, 366 ಮೆಗಾಹರ್ಟ್ಸ್ ಪ್ರೊಸೆಸರ್, ಉಗುರಿನಿಂದ ಒತ್ತಿದರೆ ಮಾತ್ರ ಓಗೊಡುವ ಪರದೆ. ಬೆಲೆಯನ್ನು ಮೊದಲು ಗೊತ್ತು ಮಾಡಿ ಆಮೇಲೆ ಯಂತ್ರವನ್ನು ಅದರೊಳಗೆ ತುರುಕಿದರೆ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯದು. ಭಾವನ ನಲವತ್ತು ಸಾವಿರದ ಗೆರೆಯೂ ಅಂಥದ್ದೇ.

ಹಾಗಾದರೆ 98 ಸಾವಿರದ್ದು? ಅದರ ಬಗ್ಗೆ ನನ್ನ ತಕರಾರು ಇನ್ನೂ ಹೆಚ್ಚು. ಅದರಲ್ಲಿ ಎನ್‌ವಿಡಿಯಾದ ಆರ್‌ಟಿಎಕ್ಸ್ 4050 ಇತ್ತು. ಒಂದೇ ಹೆಸರಿನ ಈ ಚಿಪ್ಪಿಗೆ ಲ್ಯಾಪ್‌ಟಾಪ್ ಕಂಪನಿ 35 ವಾಟಿನಿಂದ 115 ವಾಟಿನವರೆಗೆ ಎಷ್ಟು ಬೇಕಾದರೂ ವಿದ್ಯುತ್ತು ಕೊಡಬಹುದು. ಕಡಿಮೆ ಕೊಟ್ಟದ್ದು ಹೆಚ್ಚು ಕೊಟ್ಟದ್ದರ ಹತ್ತಿರಕ್ಕೂ ಬರುವುದಿಲ್ಲ. ಎಷ್ಟು ವಾಟು ಎಂದು ಕೇಳಿದೆ. ಹುಡುಗ ಡಬ್ಬದ ಆರೂ ಮುಖ ತಿರುಗಿಸಿದ, ಎಲ್ಲೂ ಬರೆದಿರಲಿಲ್ಲ.

ಪೂರ್ತಿ 115 ವಾಟೇ ಇದೆ ಎಂದುಕೊಳ್ಳೋಣ. ಪ್ರೊಸೆಸರಿನ 45 ವಾಟು ಸೇರಿಸಿದರೆ 160. ಬ್ಯಾಟರಿ 60 ವಾಟ್-ಅವರ್‌ನದು. ಇದೇ ವೇಗದಲ್ಲಿ ಓಡಿಸಿದರೆ 22 ನಿಮಿಷಕ್ಕೆ ಖಾಲಿ. ಅದಕ್ಕೇ ಚಾರ್ಜರ್ ಕಿತ್ತ ಕೂಡಲೇ ಇಂಥ ಯಂತ್ರಗಳು ತಮ್ಮ ಬಲವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಲಕ್ಷ ಕೊಟ್ಟು ಕೊಂಡ ಬಲ ಬೇಕಾದರೆ ಗೋಡೆಯ ಪ್ಲಗ್ಗಿನ ಪಕ್ಕದಲ್ಲೇ ಕೂರಬೇಕು. ಯಂತ್ರ 2.3 ಕಿಲೋ, ಇಟ್ಟಿಗೆಯಂಥ ಚಾರ್ಜರ್ ಅರ್ಧ ಕಿಲೋಗಿಂತ ಹೆಚ್ಚು. ನಮ್ಮ ಕಡೆಯ ಮಕ್ಕಳ ಕಾಲೇಜುಗಳು ಘಟ್ಕೇಸರ್, ಕೀಸರಗಳ ದಿಕ್ಕಿನಲ್ಲಿವೆ. 2023ರ ಡಿಸೆಂಬರಿನಿಂದ ಹೆಣ್ಣುಮಕ್ಕಳಿಗೆ ಆರ್‌ಟಿಸಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ, ಅದು ಒಳ್ಳೆಯದೇ, ಆದರೆ ಬೆಳಗಿನ ಬಸ್ಸಿನಲ್ಲಿ ಕಾಲಿಡಲೂ ಜಾಗವಿಲ್ಲ. ಮೂರು ಕಿಲೋ ಬೆನ್ನಿಗೆ ಹಾಕಿಕೊಂಡು ಒಂದು ಗಂಟೆ ನಿಲ್ಲುವ ಹುಡುಗಿ ಎರಡನೇ ವಾರಕ್ಕೆ ಅದನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾಳೆ. ಆಗ ಅದು ದುಬಾರಿ ಡೆಸ್ಕ್‌ಟಾಪು, ಅಷ್ಟೇ. ಮೇ ತಿಂಗಳ ಸೆಕೆಯನ್ನೂ ಮರೆಯಬೇಡಿ. ಹೊರಗೆ 40 ಡಿಗ್ರಿ ದಾಟಿದಾಗ, ಎಸಿ ಇಲ್ಲದ ಕೋಣೆಯಲ್ಲಿ ಫ್ಯಾನುಗಳು ಎಷ್ಟು ಕಿರುಚಿದರೂ ಎಳೆದುಕೊಳ್ಳುವುದು ಬಿಸಿಗಾಳಿಯನ್ನೇ. ಚಿಪ್ಪು ನೂರು ಡಿಗ್ರಿಯ ಹತ್ತಿರ ಬಂದಾಗ ತಾನೇ ವೇಗ ಇಳಿಸುತ್ತದೆ.

"ಎಐ ಕಲಿಯೋಕೆ ಜಿಪಿಯು ಬೇಕಲ್ಲ ಮಾಮಾ" ಎಂಬುದು ಸೊಸೆಯ ಕೊನೆಯ ಅಸ್ತ್ರ. ಈಗ ಎಲ್ಲ ಮಕ್ಕಳ ಬಾಯಲ್ಲೂ ಇದೇ. ಲೆಕ್ಕ ಹಾಕಿ ತೋರಿಸಿದೆ. 700 ಕೋಟಿ ಪ್ಯಾರಾಮೀಟರಿನ ಒಂದು ಭಾಷಾ ಮಾದರಿಯನ್ನು 16 ಬಿಟ್‌ನಲ್ಲಿ ಇಡಲು ಸುಮಾರು 14 ಜಿಬಿ ಬೇಕು. ಈ 4050ರಲ್ಲಿರುವುದು 6 ಜಿಬಿ. ಕುಗ್ಗಿಸಿ 4 ಬಿಟ್‌ಗೆ ಇಳಿಸಿದರೆ ಓಡೀತು, ಆದರೆ ಅದು ಓಡಿಸುವುದಾಯಿತೇ ಹೊರತು ತರಬೇತಿ ಕೊಡುವುದಾಗಲಿಲ್ಲ. ಗೂಗಲ್ ಕೊಲ್ಯಾಬಿನಲ್ಲಿ 16 ಜಿಬಿಯ ಟಿ4 ಚಿಪ್ಪು ಸಿಕ್ಕಾಗ ಪುಕ್ಕಟೆ. ಕ್ಯಾಗಲ್‌ನಲ್ಲಿ ವಾರಕ್ಕೆ ಸುಮಾರು 30 ಗಂಟೆ. ಮೂರು ವರ್ಷ ಕಲಿಯಲು ಇಷ್ಟು ಸಾಲದು ಎನ್ನುವವರಿಗೆ 6 ಜಿಬಿಯೂ ಸಾಲದು.

ಹೀಗೆಂದ ಮಾತ್ರಕ್ಕೆ ಲಕ್ಷದ ಯಂತ್ರ ಯಾರಿಗೂ ಬೇಡ ಎಂದಲ್ಲ. ನೇರೆಡ್‌ಮೆಟ್ ಕಡೆ ಮದುವೆ ವಿಡಿಯೋ ಎಡಿಟ್ ಮಾಡುವ ಹುಡುಗನೊಬ್ಬ ನನಗೆ ಗೊತ್ತು. ಮೂರು ಕ್ಯಾಮೆರಾದ 4ಕೆ ದೃಶ್ಯಗಳನ್ನು ಒಂದೇ ಟೈಮ್‌ಲೈನಿನಲ್ಲಿ ಕೂರಿಸಿ, ಬಣ್ಣ ತಿದ್ದಿ, ಮುಹೂರ್ತದ ಸೀಸನ್ನಿನಲ್ಲಿ ವಾರಕ್ಕೆ ಎರಡು ಮದುವೆ ಒಪ್ಪಿಸಬೇಕು. ಅವನಿಗೆ ಉಳಿಯುವ ಒಂದೊಂದು ಗಂಟೆಯೂ ದುಡ್ಡು. ಆರ್ಕಿಟೆಕ್ಚರ್ ಓದುವವರು, ತ್ರೀಡಿ ಮಾಡುವವರು, ಗೇಮ್ ಕಟ್ಟುವವರು ಇದೇ ಸಾಲಿನವರು. ಗೇಮ್ ಆಡಲಿಕ್ಕೇ ಬೇಕು ಎಂದು ನೇರವಾಗಿ ಹೇಳುವವರ ಬಗ್ಗೆಯೂ ನನಗೆ ಗೌರವವಿದೆ. ತಕರಾರೆಲ್ಲ ಆಟದ ಆಸೆಗೆ ಓದಿನ ಅಂಗಿ ತೊಡಿಸುವವರ ಮೇಲೆ.

ಸಿಟಿಸಿಯಲ್ಲಿ ಮೂರನೇ ದಾರಿಯೊಂದೂ ಇದೆ. ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಹಿಂತಿರುಗಿಸಿದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ಗಳು ಅಲ್ಲಿ ಸಾಲಾಗಿ ಕೂತಿರುತ್ತವೆ. ಕೀಲು ಗಟ್ಟಿ, ಕೀಬೋರ್ಡು ಒಳ್ಳೆಯದು, ಬಿಡಿಭಾಗ ಸಿಗುತ್ತದೆ. ಆದರೆ ಇಂಟೆಲ್ ಆದರೆ ಎಂಟನೇ ಜನರೇಶನ್ ಅಥವಾ ಅದರ ಮೇಲಿನದನ್ನೇ ಕೇಳಿ. ಅದಕ್ಕಿಂತ ಹಳೆಯದಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಿಗದು, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ತೀರಾ ಅಗ್ಗಕ್ಕೆ ಬಂತು ಎಂದು ಏಳನೇ ಜನರೇಶನ್ ಮನೆಗೆ ತಂದವರು ಒಂದೋ ಲಿನಕ್ಸ್ ಕಲಿಯಬೇಕು, ಇಲ್ಲವೇ ಆತಂಕದಲ್ಲೇ ಇರಬೇಕು. ಭಾವನಿಗೆ ಈ ದಾರಿ ಹಿಡಿಸಿತ್ತು. ಹೊಸದೇ ಬೇಕು ಎಂದು ಸೊಸೆ ಹಟ ಹಿಡಿದಳು. ಹದಿನೆಂಟನೇ ವಯಸ್ಸಿನಲ್ಲಿ ನಾನೂ ಹಾಗೇ ಹೇಳುತ್ತಿದ್ದೆ.

ಕೊನೆಗೆ ಕೊಂಡದ್ದು 54 ಸಾವಿರದ್ದು. ಇಂಟೆಲ್ ಐ5-12450ಎಚ್, 16 ಜಿಬಿ ರ‍್ಯಾಮ್, ಪೂರ್ತಿ ಎಸ್‌ಆರ್‌ಜಿಬಿ ಬಣ್ಣ ತೋರಿಸುವ ಪರದೆ, ಬೇರೆ ಗ್ರಾಫಿಕ್ಸ್ ಚಿಪ್ಪಿಲ್ಲ, ತೂಕ 1.6 ಕಿಲೋ. 2022ರ ಪ್ರೊಸೆಸರು ಎಂದು ಅಂಗಡಿಯ ಹುಡುಗ ಮೂಗು ಮುರಿದ. ಎಂಟು ಕೋರಿನ ಈ ಎಚ್ ಚಿಪ್ಪು ದೀರ್ಘ ಕೆಲಸಕ್ಕೆ ಅದೇ ವರ್ಷದ ಹತ್ತು ಕೋರಿನ ಐ5-1235ಯುಗಿಂತ ಚೆನ್ನಾಗಿ ನಿಲ್ಲುತ್ತದೆ. ಎಚ್‌ಗೆ 45 ವಾಟು, ಯುಗೆ 15. ಭಾವನ ಗೆರೆ 14 ಸಾವಿರ ದಾಟಿತು, ಎರಡು ದಿನ ಅವರು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. 8 ಜಿಬಿಯದ್ದು ತಗೊಂಡು ಆಮೇಲೆ ಹಾಕಿಸಿದರಾಯಿತು ಎಂಬುದು ಅವರ ವಾದವಾಗಿತ್ತು. 2025ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ಮೆಮೊರಿ ಚಿಪ್ಪಿನ ಬೆಲೆ ಏರಿದಾಗ ಆ ಮಾತು ತಾನಾಗಿ ನಿಂತಿತು.

ನಿಮ್ಮ ಮನೆಯಲ್ಲಿ ಈ ವರ್ಷ ಪಂಚಾಯಿತಿ ಕೂತರೆ ಮಕ್ಕಳನ್ನು ಹಗಲು ಹೊತ್ತಿನಲ್ಲೇ ಅಂಗಡಿಗೆ ಕರೆದೊಯ್ಯಿರಿ, ಯಂತ್ರವನ್ನು ಬಾಗಿಲ ಬೆಳಕಿಗೆ ಹಿಡಿಯಿರಿ, ಮುಚ್ಚಳವನ್ನು ಒಂದು ಮೂಲೆಯಿಂದ ಎತ್ತಿ ನೋಡಿ. ಲಕ್ಷದ ಯಂತ್ರಕ್ಕೆ ಹೋಗದೆ ಉಳಿದ 44 ಸಾವಿರದಲ್ಲಿ ಅಕ್ಕ 30 ಸಾವಿರವನ್ನು ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟಿದ್ದಾಳೆ. ಅದು ಕೈಗೆ ಬರುವುದು ಸೊಸೆಯ ಮೂರನೇ ವರ್ಷ ಮುಗಿಯುವಾಗ.